ದೇವರಮನೆ ದಾರಿಯಲ್ಲಿ ಒಡೆದ ಎರಡು ಗಾಜು

ಕಳೆದ ಜನವರಿಯ ಒಂದು ಭಾನುವಾರ ದೇವರಮನೆಯಿಂದ ಗುತ್ತಿ ಕಡೆಗೆ ಇಳಿದು ಬರುವಾಗ ನಮ್ಮ ಭಾವನ ಕಾರಿನ ಮುಂದಿನ ಗಾಜಿಗೆ ಕಲ್ಲು ಬಡಿಯಿತು. ಮುಂದೆ ಹೋಗುತ್ತಿದ್ದ ಪ್ರವಾಸಿಗರ ಜೀಪಿನ ಹಿಂಚಕ್ರ ಎಸೆದ ಜಲ್ಲಿ. ಹುಣಸೆ ಬೀಜಕ್ಕಿಂತ ದೊಡ್ಡದಿರಲಿಲ್ಲ. ಟಪ್ ಎಂದು ಸದ್ದಾಯಿತು, ಎಡಗಡೆಯ ಅಂಚಿಗೆ ಹತ್ತಿರ ಒಂದು ಬಿಳಿ ಚುಕ್ಕೆ ಮೂಡಿತು, ಅಷ್ಟೆ. ಮಾರನೆಯ ಬೆಳಿಗ್ಗೆ ಇಬ್ಬನಿಯಲ್ಲಿ ನೆನೆದು ನಿಂತಿದ್ದ ಕಾರನ್ನು ನೋಡಿದರೆ ಆ ಚುಕ್ಕೆಯಿಂದ ಹೊರಟ ಗೆರೆ ಗಾಜಿನ ಉದ್ದಕ್ಕೂ ಹರಿದು ಇನ್ನೊಂದು ಅಂಚು ಮುಟ್ಟಿತ್ತು.

ಆ ಕಾರಿನ ಬಗ್ಗೆ ಎರಡು ಮಾತು ಹೇಳಬೇಕು. ಇಬ್ಬರೇ ಕೂರಬಹುದಾದ, ಚಾವಣಿಯಿಲ್ಲದ, ಬಾಗಿಲೂ ಇಲ್ಲದ, ಮೂಗು ಉದ್ದವಾದ ವಾಹನ ಅದು. ಕೂತರೆ ನೆಲ ಕೈಗೆ ಸಿಗುತ್ತದೆ. ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ 1957ರಲ್ಲಿ ಹೊರತಂದ ಲೋಟಸ್ ಸೆವೆನ್ ಎಂಬ ಕಾರಿನ ಮಾದರಿ. ಹಗುರವಾಗಿರಬೇಕು, ಬೇಡದ್ದು ಏನೂ ಇರಬಾರದು ಎಂಬುದೇ ಅದರ ತತ್ವ. ಅಂದಿನಿಂದ ಅದನ್ನು ನಕಲು ಮಾಡಿದವರು ಲೋಕದ ತುಂಬ ಇದ್ದಾರೆ. ನಮ್ಮಲ್ಲೂ ಅಲಿಬಾಗಿನ ಚಿಂಕಾರ ಮೋಟಾರ್ಸ್‌ನವರು, ಅಂಬಾಸಡರಿಗೆ ಹಾಕುತ್ತಿದ್ದ 1.8 ಲೀಟರಿನ ಇಸುಜು ಎಂಜಿನ್ ಕೂರಿಸಿ ಅದೇ ಧಾಟಿಯ ರೋಡ್‌ಸ್ಟರ್ ಕಟ್ಟಿದರು. ಭಾವನದು ಅದಲ್ಲ, ಬೆಂಗಳೂರಿನ ಗೆಳೆಯರೊಬ್ಬರಿಂದ ಕೊಂಡ, ಅದೇ ಮಾದರಿಯಲ್ಲಿ ಕಟ್ಟಿದ ಬೇರೊಂದು. ನಮ್ಮ ಕಡೆಯ ರಸ್ತೆಗೆ ಅದನ್ನು ತರಬಾರದೆಂದು ಮನೆಯವರೆಲ್ಲ ಹೇಳಿದ್ದರು. ಅಕ್ಕನಂತೂ ಅದರಲ್ಲಿ ಕೂರುವುದಿಲ್ಲವೆಂದು ಮೊದಲೇ ಘೋಷಿಸಿದ್ದರಿಂದ ಪಕ್ಕದ ಸೀಟು ನನ್ನ ಪಾಲಿಗೆ ಬಂದಿತ್ತು.

ಆ ಕಾರಿಗೆ ಮುಂದಿನ ಗಾಜೆಂದರೆ ಒಂದು ಸಣ್ಣ ಚಪ್ಪಟೆ ಹಲಗೆ. ತೆಳ್ಳನೆಯ ಲೋಹದ ಚೌಕಟ್ಟು, ಎರಡು ಕಡೆ ಎರಡು ಕಂಬ, ಕಂಬವನ್ನು ಮೈಗೆ ಹಿಡಿಸುವ ಬೋಲ್ಟು. ಅದನ್ನು ಬದಲಿಸುವುದು ಒಂದು ಮಧ್ಯಾಹ್ನದ ಕೆಲಸ ಅಂದುಕೊಂಡೆವು. ಹಾಗಾಗಲಿಲ್ಲ. ಜಗಲಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ ದೊಡ್ಡಪ್ಪ ಎದ್ದು ಬಂದರು.

ದೊಡ್ಡಪ್ಪನಿಗೆ ಎಡಗಣ್ಣಿಲ್ಲ. 1978ರಲ್ಲಿ, ಅವರಿಗೆ ಇಪ್ಪತ್ತೇಳು ವರ್ಷವಾಗಿದ್ದಾಗ, ಇದೇ ದೇವರಮನೆ ದಾರಿಯಲ್ಲಿ ಜೀಪು ಓಡಿಸುತ್ತಿದ್ದಾಗ ಹೋದದ್ದು. 'ಕಲ್ಲು ಕಣ್ಣು ತಗೊಂಡಿತು' ಎಂಬುದು ನಮ್ಮ ಮನೆಯಲ್ಲಿ ಈ ವಿಷಯಕ್ಕೆ ಇದ್ದ ಒಂದೇ ವಾಕ್ಯ. ಚಿಕ್ಕಂದಿನಿಂದ ಕೇಳಿದ ನಾನು ಕಲ್ಲೇ ಹಾರಿಬಂದು ಕಣ್ಣಿಗೆ ಬಡಿದಿತ್ತೆಂದು ನಂಬಿದ್ದೆ. ಹಾಗಲ್ಲವೆಂದು ತಿಳಿದದ್ದು ಎರಡು ವರ್ಷದ ಹಿಂದೆ, ಅದೂ ಪಿಎಚ್.ಡಿ. ಕೆಲಸಕ್ಕೆಂದು ಕಪಾಟು ತೆಗೆದಾಗ.

ನಾನು ಓದುತ್ತಿರುವುದು ಮಲೆನಾಡಿನ ಕಾಫಿ ತೋಟಗಳ ಲೆಕ್ಕದ ಪುಸ್ತಕಗಳನ್ನು. ಬಾಬಾಬುಡನ್ ತಂದ ಏಳು ಬೀಜದ ಕಥೆ ಎಲ್ಲರಿಗೂ ಗೊತ್ತು. ಬಿಳಿಯ ಪ್ಲಾಂಟರುಗಳು ಬರೆದಿಟ್ಟ ನೆನಪುಗಳೂ ಇವೆ. ಆದರೆ ಸ್ವಾತಂತ್ರ್ಯ ಬಂದ ಮೇಲೆ ಹತ್ತು, ಇಪ್ಪತ್ತು, ಐವತ್ತು ಎಕರೆಯ ನಮ್ಮವರು ಹೇಗೆ ಬದುಕಿದರು ಎಂಬುದು ಇರುವುದು ಕೆಂಪು ಬಟ್ಟೆಯ ಹೊದಿಕೆ ಹಾಕಿದ ದಿನವಹಿಗಳಲ್ಲಿ. ಆಳಿನ ಬಟವಾಡೆ, ಸುಣ್ಣ, ಮೈಲುತುತ್ತ, ದೇವರ ಕಾಣಿಕೆ, ಜೀಪಿನ ಪೆಟ್ರೋಲು. ನಾನು ಹುಡುಕುತ್ತಿದ್ದದ್ದು ಕೊನೆಯದನ್ನು. ಬೇರೆಯವರ ಮನೆಯ ಪುಸ್ತಕ ಕೇಳುವ ಮುಂಚೆ ನಮ್ಮದನ್ನೇ ನೋಡೋಣ ಎಂದು ಅಜ್ಜನ ದಿನವಹಿ ಬಿಚ್ಚಿದೆ. 1971ರ ಪುಸ್ತಕದಲ್ಲಿ, ಆಗಸ್ಟ್ ತಿಂಗಳಲ್ಲಿ, ಅಜ್ಜನ ದುಂಡನೆಯ ಅಕ್ಷರದಲ್ಲಿ ಹೀಗಿತ್ತು: ಜೀಪಿನ ಮುಂದಿನ ಗಾಜು, ಚಿಕ್ಕಮಗಳೂರು ಪೇಟೆ, ಕಿಟಕಿಯದೇ ದಪ್ಪದ್ದು, ಕೂಲಿ ಸಹಿತ 18 ರೂಪಾಯಿ 50 ಪೈಸೆ.

ಕಿಟಕಿಯದೇ. ಆ ಪದದ ಮೇಲೆ ನಾನು ಅಂದು ತುಂಬ ಹೊತ್ತು ನಿಂತೆ. ಅದು ಯಾಕೆಂದು ಹೇಳಲು ಗಾಜಿನ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ಮೊದಲ ಕಾರುಗಳಿಗೆ ಮುಂದಿನ ಗಾಜೇ ಇರಲಿಲ್ಲ. ಕುದುರೆಯ ವೇಗದಲ್ಲಿ ಹೋಗುವ ಗಾಡಿಗೆ ಗಾಳಿಯ ಭಯವೆಲ್ಲಿಯದು? ವೇಗ ಹೆಚ್ಚಿದಂತೆ ಓಡಿಸುವವರು ದೊಡ್ಡ ಕನ್ನಡಕ ಹಾಕಿಕೊಂಡರು, ಆಮೇಲೆ ಎದುರಿಗೊಂದು ಗಾಜಿನ ಹಲಗೆ ನಿಲ್ಲಿಸಿಕೊಂಡರು. ಆ ಹಲಗೆ ಮನೆಯ ಗಾಜೇ. ಧೂಳಿಗೂ ಮಳೆಗೂ ಅದು ಚೆನ್ನಾಗಿ ಅಡ್ಡ ನಿಂತಿತು. ಕಾರು ಎಲ್ಲಿಗಾದರೂ ಗುದ್ದಿದಾಗ ಅದೇ ಗಾಜು ಕತ್ತಿಗಳಾಗಿ ಒಳಗಿದ್ದವರ ಮುಖದ ಮೇಲೆ ಬಿತ್ತು. ಗಾಳಿಯಿಂದ ಕಾಯಲು ಇಟ್ಟದ್ದೇ ಕೊಲ್ಲುವ ವಸ್ತುವಾದದ್ದು ಕಾರಿನ ಮೊದಲ ದಶಕಗಳ ಸತ್ಯ.

ಪ್ಯಾರಿಸ್ಸಿನ ಎಡ್ವರ್ಡ್ ಬೆನೆಡಿಕ್ಟಸ್ ಎಂಬಾತ ಚಿತ್ರಗಾರನೂ ಹೌದು, ರಸಾಯನಶಾಸ್ತ್ರ ಬಲ್ಲವನೂ ಹೌದು. 1903ರಲ್ಲಿ ತನ್ನ ಪ್ರಯೋಗಶಾಲೆಯಲ್ಲಿ ಒಂದು ಗಾಜಿನ ಸೀಸೆ ಎತ್ತರದಿಂದ ಬಿದ್ದರೂ ಚೂರುಗಳು ಚದುರದೆ ಸೀಸೆಯ ಆಕಾರದಲ್ಲೇ ಉಳಿದವು ಎಂದು ಆತನೇ ಹೇಳಿಕೊಂಡಿದ್ದಾನೆ. ಸೀಸೆಯೊಳಗೆ ಸೆಲ್ಯುಲೋಸ್ ನೈಟ್ರೇಟಿನ ದ್ರಾವಣ ಒಣಗಿ ತೆಳುವಾದ ಪೊರೆ ಕಟ್ಟಿತ್ತು. ಆ ಪೊರೆ ಚೂರುಗಳನ್ನು ಹಿಡಿದುಕೊಂಡಿತ್ತು. ಮುಂದೆ ಕಾರು ಅಪಘಾತದಲ್ಲಿ ಗಾಜಿನಿಂದ ಗಾಯವಾದವರ ಸುದ್ದಿ ಓದಿದಾಗ ಆ ಸೀಸೆ ನೆನಪಾಯಿತಂತೆ. ಸಂಶೋಧಕರು ತಮ್ಮ ಶೋಧದ ಬಗ್ಗೆ ಹೇಳುವ ಇಂಥ ಕಥೆಗಳು ಸ್ವಲ್ಪ ಹೆಚ್ಚೇ ಚಂದವಾಗಿರುತ್ತವೆ. ಇದನ್ನೂ ಹಾಗೆಯೇ ಇಟ್ಟುಕೊಳ್ಳೋಣ. 1909ರಲ್ಲಿ ಆತ ಪೇಟೆಂಟು ಪಡೆದದ್ದು ಮಾತ್ರ ಕಾಗದದ ಮೇಲಿನ ಸಂಗತಿ. ಎರಡು ಗಾಜು, ನಡುವೆ ಒಂದು ಪೊರೆ. ಮೂರು ಪದರವಾದ್ದರಿಂದ ಟ್ರಿಪ್ಲೆಕ್ಸ್. ಮೊದಲ ಮಹಾಯುದ್ಧದಲ್ಲಿ ವಿಷಾನಿಲದ ಮುಖವಾಡಗಳ ಕಣ್ಣಿನ ಗಾಜಾಗಿ ಅದು ಬಳಕೆಗೆ ಬಂತು.

ಸೆಲ್ಯುಲಾಯ್ಡಿನ ಆ ಪೊರೆಗೆ ಬಿಸಿಲು ಆಗಿಬರಲಿಲ್ಲ. ಕೆಲವು ವರ್ಷಕ್ಕೆ ಹಳದಿಗಟ್ಟಿ ಮಂಕಾಗುತ್ತಿತ್ತು. 1930ರ ದಶಕದ ಕೊನೆಗೆ ಪಾಲಿವಿನೈಲ್ ಬ್ಯೂಟಿರಾಲ್ ಎಂಬ, ರಬ್ಬರಿನಂತೆ ಎಳೆದರೆ ಬರುವ ಪಾರದರ್ಶಕ ಹಾಳೆ ಅದರ ಜಾಗ ಹಿಡಿಯಿತು. ಇವತ್ತಿಗೂ ಅದೇ ಇದೆ. ಎರಡು ಗಾಜಿನ ನಡುವೆ ಅದನ್ನಿಟ್ಟು ಬಿಸಿ ಮತ್ತು ಒತ್ತಡದಲ್ಲಿ ಬೆಸೆಯುತ್ತಾರೆ. ಬೆಸೆದ ಮೇಲೆ ಪೊರೆ ಕಣ್ಣಿಗೆ ಕಾಣುವುದಿಲ್ಲ. ಈ ಕಾಣದಿರುವಿಕೆಯೇ ಇಡೀ ಕಥೆಯ ಕಷ್ಟ.

ಅದಕ್ಕೊಂದು ಪ್ರಸಿದ್ಧ ಮೊಕದ್ದಮೆ ಇದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಬ್ಯಾಕ್ಸ್‌ಟರ್ ಎಂಬವರು 1930ರ ಮೇ ತಿಂಗಳಲ್ಲಿ ಫೋರ್ಡ್ ಕಂಪನಿಯ ಮಾಡೆಲ್ ಎ ಕಾರು ಕೊಂಡರು. ಮುಂದಿನ ಗಾಜು ಟ್ರಿಪ್ಲೆಕ್ಸ್, ಎಂಥ ಪೆಟ್ಟಿಗೂ ಚೂರಾಗಿ ಹಾರುವುದಿಲ್ಲ ಎಂದು ಕಂಪನಿಯ ಪ್ರಚಾರ ಪುಸ್ತಿಕೆಗಳು ಹೇಳಿದ್ದವು. ಅದೇ ಅಕ್ಟೋಬರ್ 12ರಂದು ಸ್ನೋಕ್ವಾಲ್ಮಿ ಎಂಬ ಘಟ್ಟದ ರಸ್ತೆಯಲ್ಲಿ ಹೋಗುವಾಗ ಇನ್ನೊಂದು ಕಾರಿನ ಚಕ್ರ ಎಸೆದ ಸಣ್ಣ ಕಲ್ಲು ಗಾಜಿಗೆ ಬಡಿಯಿತು. ಗಾಜಿನ ಚೂರು ಹಾರಿ ಬ್ಯಾಕ್ಸ್‌ಟರರ ಎಡಗಣ್ಣು ಹೋಯಿತು.

ಘಟ್ಟದ ರಸ್ತೆ, ಸಣ್ಣ ಕಲ್ಲು, ಎಡಗಣ್ಣು. ಇದನ್ನು ಗ್ರಂಥಾಲಯದಲ್ಲಿ ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿ ಹೊರಗೆ ಹೋಗಿ ಟೀ ಕುಡಿದು ಬಂದೆ.

ಕೆಳಗಿನ ಕೋರ್ಟು ಬ್ಯಾಕ್ಸ್‌ಟರರ ವಾದವನ್ನು ಜ್ಯೂರಿಯ ಮುಂದೆ ಹೋಗಲೂ ಬಿಡಲಿಲ್ಲ. ಕಾರು ಕೊಂಡದ್ದು ಡೀಲರನಿಂದ, ಕಂಪನಿಗೂ ಗಿರಾಕಿಗೂ ನೇರ ಕರಾರೆಲ್ಲಿದೆ ಎಂಬುದು ಅಂದಿನ ಕಾನೂನಿನ ನಡೆ. 1932ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಫೋರ್ಡಿನ ಮಟ್ಟಿಗೆ ಅದನ್ನು ತಿರುಗಿಸಿತು. ಸಾಧಾರಣ ಮನುಷ್ಯನೊಬ್ಬ ಗಾಜನ್ನು ನೋಡಿ ಅದು ಒಡೆಯುವುದೋ ಇಲ್ಲವೋ ಎಂದು ಹೇಳಲಾರ, ಆತ ಮಾಡಿದವರ ಮಾತನ್ನೇ ನಂಬಬೇಕು, ಆದ್ದರಿಂದ ಮಾತು ಕೊಟ್ಟವರು ಹೊಣೆ ಎಂಬುದು ಅದರ ಸಾರ. ಮತ್ತೆ ವಿಚಾರಣೆ ನಡೆದು ಬ್ಯಾಕ್ಸ್‌ಟರ್ ಗೆದ್ದರು, 1934ರಲ್ಲಿ ಅದೇ ಮೇಲಿನ ಕೋರ್ಟು ಅದನ್ನು ಎತ್ತಿಹಿಡಿಯಿತು. ಕಂಪನಿಯ ಮಾತಿಗೆ ಕಂಪನಿಯೇ ಹೊಣೆ ಎಂಬ ಗ್ರಾಹಕ ಕಾನೂನಿನ ವಿಚಾರಕ್ಕೆ ಇಂದಿಗೂ ಕಾನೂನು ವಿದ್ಯಾರ್ಥಿಗಳು ಓದುವ ಮೊಕದ್ದಮೆ ಇದು.

ಇನ್ನು ನಮ್ಮ ಬೆಟ್ಟಗಳಿಗೆ ಬರೋಣ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬಿಟ್ಟುಹೋದ ಜೀಪುಗಳು ಹರಾಜಿನಲ್ಲಿ ಬಂದವು. 1940ರ ದಶಕದ ಕೊನೆಗೆ ಮುಂಬೈಯಲ್ಲಿ ಮಹೀಂದ್ರದವರು ವಿಲ್ಲಿಸ್ ಜೀಪು ಜೋಡಿಸತೊಡಗಿದರು, ಮುಂದೆ ಇಲ್ಲೇ ತಯಾರಿಸಿದರು. ಸಿಜೆ 3ಬಿ ಎಂಬ, ಎತ್ತರದ ಬಾನೆಟ್ಟಿನ ಮಾದರಿಯೇ ನಮ್ಮ ಕಡೆಯವರು ಜೀಪು ಎಂದು ಕರೆದದ್ದು. ಮೂಡಿಗೆರೆ, ಕಳಸ, ಕೊಟ್ಟಿಗೆಹಾರದ ದಾರಿಗಳಲ್ಲಿ ಅದು ಓಡಿದಂತೆ ಇನ್ನೊಂದು ಓಡಲಿಲ್ಲ. ನಾಲ್ಕೂ ಚಕ್ರಕ್ಕೆ ಎಳೆತ ಇದ್ದದ್ದು ಕಾರಣ ಎನ್ನುತ್ತಾರೆ. ಸರಿಯೇ. ದಿನವಹಿಗಳನ್ನು ಓದಿದ ಮೇಲೆ ನಾನು ಇನ್ನೊಂದು ಕಾರಣ ಸೇರಿಸುತ್ತೇನೆ: ಅದರ ಮುಂದಿನ ಗಾಜು ಚಪ್ಪಟೆ.

1953ರಲ್ಲಿ ಟಾರಿಫ್ ಕಮಿಷನ್ನಿನ ವರದಿಯ ಮೇಲೆ ಕೇಂದ್ರ ಸರಕಾರ, ಬಿಡಿಭಾಗ ತರಿಸಿ ಜೋಡಿಸುವುದಷ್ಟನ್ನೇ ಮಾಡುವ ಕಂಪನಿಗಳಿಗೆ ಇಲ್ಲಿ ಜಾಗವಿಲ್ಲ ಎಂದು ತೀರ್ಮಾನಿಸಿತು. ಫೋರ್ಡ್ ಹೋಯಿತು, ಜನರಲ್ ಮೋಟಾರ್ಸ್ ಹೋಯಿತು. ಅವರು ಮಾರಿದ್ದ ಕಾರುಗಳು ಇಲ್ಲೇ ಉಳಿದವು, ಅವುಗಳ ಬಿಡಿಭಾಗಕ್ಕೆ ಇಂಪೋರ್ಟ್ ಲೈಸೆನ್ಸಿನ ಬೇಲಿ ಬಿತ್ತು. ಅದೇ ಹೊತ್ತಿಗೆ ಅಮೆರಿಕದ ಕಾರುಗಳ ಮುಂದಿನ ಗಾಜು ಬಾಗತೊಡಗಿತ್ತು, 1950ರ ದಶಕದ ನಡುವಿಗೆ ಅದು ಎರಡು ಬದಿಗೂ ಸುತ್ತಿಕೊಂಡಿತು. ನೋಡಲು ಸೊಗಸು. ಆದರೆ ಬಾಗಿದ ಗಾಜನ್ನು ಪೇಟೆಯಲ್ಲಿ ಯಾರೂ ಮಾಡಿಕೊಡಲಾರರು. ಎರಡು ಹಾಳೆಯನ್ನು ಒಟ್ಟಿಗೆ ಅಚ್ಚಿನ ಮೇಲಿಟ್ಟು ಕುಲುಮೆಯಲ್ಲಿ ಮೆತ್ತಗಾಗಿಸಿ ಬಾಗಿಸಬೇಕು, ಆಮೇಲೆ ಪೊರೆ ಇಟ್ಟು ಬೆಸೆಯಬೇಕು. ಪ್ರತಿ ಕಾರಿಗೂ ಬೇರೆ ಅಚ್ಚು. ಒಂದು ಕಲ್ಲು ಬಡಿದರೆ ಅಂಥ ಕಾರಿನ ಆಯುಸ್ಸು ಮುಗಿಯಿತು. ನಮ್ಮ ಹೋಬಳಿಯ ಹಳೆಯ ತೋಟವೊಂದರ ಶೆಡ್ಡಿನಲ್ಲಿ ನಾನೇ ನೋಡಿದ್ದೇನೆ, ಎಂಜಿನ್ ಚೆನ್ನಾಗಿಯೇ ಇತ್ತೆಂದು ಹೇಳುವ ಉದ್ದನೆಯ ಕಾರಿನಲ್ಲಿ ಕೋಳಿಗಳು ಕಾವಿಗೆ ಕೂತಿದ್ದವು. ಗಾಜಿದ್ದ ಜಾಗದಲ್ಲಿ ತಗಡು.

ಜೀಪಿಗೆ ಆ ಗತಿ ಬರಲಿಲ್ಲ. ರಟ್ಟಿನಲ್ಲಿ ಅಳತೆ ತೆಗೆದುಕೊಂಡು ಪೇಟೆಗೆ ಹೋದರೆ ಗಾಜಿನ ಅಂಗಡಿಯವನು ಅರ್ಧ ಗಂಟೆಯಲ್ಲಿ ಕೊಯ್ದುಕೊಡುತ್ತಿದ್ದ. ರಬ್ಬರಿನ ಗಾಡಿಗೆ ಒಂದು ಹುರಿ ಸುತ್ತಿ, ಗಾಜನ್ನು ಚೌಕಟ್ಟಿಗೆ ಒತ್ತಿಹಿಡಿದು, ಒಳಗಿನಿಂದ ಹುರಿಯನ್ನು ಮೆಲ್ಲಗೆ ಎಳೆದರೆ ರಬ್ಬರಿನ ತುಟಿ ಲೋಹದ ಮೇಲೆ ತಾನಾಗಿ ಹತ್ತಿ ಕೂರುತ್ತದೆ. ಇಬ್ಬರು ಸಾಕು. ಲೈಸೆನ್ಸ್ ಬೇಡ, ಮುಂಬೈಗೆ ಕಾಗದ ಬೇಡ. ಪದರದ ಗಾಜನ್ನೂ ಹೀಗೆ ಕೊಯ್ಯಬಹುದು. ಆದರೆ ಪದರದ ಹಾಳೆ ಸಿಗದಿದ್ದಾಗ ಅದೇ ಅಳತೆಗೆ, ಅದೇ ಸುಲಭದಲ್ಲಿ, ಕಿಟಕಿ ಗಾಜೂ ಕೂರುತ್ತದೆ. ರಬ್ಬರಿನೊಳಗೆ ಅಂಚು ಮುಚ್ಚಿಹೋದ ಮೇಲೆ ಯಾವುದು ಯಾವುದೆಂದು ಹೇಳುವವರು ಯಾರು? ಜೀಪನ್ನು ನಲವತ್ತು ವರ್ಷ ಉಳಿಸಿದ ಗುಣವೇ ದೊಡ್ಡಪ್ಪನ ಕಣ್ಣಿಗೆ ದಾರಿ ಮಾಡಿದ್ದು ಹೀಗೆ.

ಅಜ್ಜನ ಪುಸ್ತಕದಲ್ಲಿ ಆ ಆಗಸ್ಟಿಗೆ ಮುಂಚಿನ ಸಾಲುಗಳೂ ಇವೆ. ಮೇ ಕೊನೆಗೆ ಗಾಜು ಒಡೆದಿದೆ, ಹೇಗೆಂದು ಬರೆದಿಲ್ಲ. ಜೂನ್‌ನಲ್ಲಿ ಜೀಪಿನ ಡೀಲರಿಗೆ ಕಾಗದ ಹಾಕಿದ ಅಂಚೆ ಖರ್ಚು. ಜುಲೈನಲ್ಲಿ ಮತ್ತೊಂದು ಕಾಗದ, ಒಂದು ಟ್ರಂಕ್ ಕಾಲ್. 'ಗಾಜು ಬರಲಿಲ್ಲ' ಎಂದು ಖರ್ಚಿಲ್ಲದ ಒಂದು ಸಾಲು. ದಿನವಹಿಯಲ್ಲಿ ದುಡ್ಡಿನ ಲೆಕ್ಕವಿಲ್ಲದ ಸಾಲು ಬರೆಯುವವರಲ್ಲ ಅಜ್ಜ. ಮೂಡಿಗೆರೆಯ ಜೂನ್, ಜುಲೈ ತಿಂಗಳ ಮಳೆ ನೋಡಿದವರಿಗೆ ಗಾಜಿಲ್ಲದ ಜೀಪಿನ ಅವಸ್ಥೆ ಹೇಳಬೇಕಿಲ್ಲ. ಗೋಣಿ ಕಟ್ಟಿಕೊಂಡು, ಗೊರಬು ಹಾಕಿಕೊಂಡು ಓಡಿಸಿದ್ದಾರೆ. ಹೆರಿಗೆಗೆ, ಜ್ವರಕ್ಕೆ, ಹತ್ತಿರದ ಹತ್ತು ಮನೆಗೆ ಇದ್ದದ್ದು ಅದೊಂದೇ ವಾಹನ. ಕೈಯಲ್ಲಿ ಹಣವೂ ಕಮ್ಮಿ. ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಕೊಡಬೇಕಿದ್ದ ಕಾಲ, ದುಡ್ಡು ಕಂತು ಕಂತಾಗಿ ಬರುತ್ತಿತ್ತು. ಆಗಸ್ಟಿನಲ್ಲಿ ಕಿಟಕಿ ಗಾಜು ಹಾಕಿಸಿದ್ದಾರೆ.

ನನ್ನ ಪ್ರಬಂಧದ ಮೊದಲ ಕರಡಿನಲ್ಲಿ ಇದನ್ನು ಅಭಾವದ ಉದಾಹರಣೆಯಾಗಿ ಬರೆದೆ. ಲೈಸೆನ್ಸ್ ರಾಜ್ಯ, ಆಮದು ನಿರ್ಬಂಧ, ಬೆಟ್ಟದ ಮೂಲೆ. ವಾದ ಚೆನ್ನಾಗಿ ಕೂತಿತು. ಜೊತೆಗೆ ಬ್ಯಾಕ್ಸ್‌ಟರ್ ಮೊಕದ್ದಮೆಯನ್ನೂ ಪಕ್ಕಕ್ಕಿಟ್ಟೆ, ಅಲ್ಲಿ ಕಂಪನಿ, ಇಲ್ಲಿ ಸರಕಾರ ಎಂದು. ಮಾರ್ಗದರ್ಶಕರಿಗೂ ಹಿಡಿಸಿತು. ಆಮೇಲೆ ಮುಂದಿನ ವರ್ಷಗಳ ಪುಸ್ತಕ ಓದಿದೆ. 1973ರಲ್ಲಿ ಜೀಪಿಗೆ ಹೊಸ ಟೈರು. 1974ರಲ್ಲಿ ಎಂಜಿನ್ ಕೆಲಸ, ಅದಕ್ಕೆ ಭಾಗಗಳು ಮಂಗಳೂರಿನಿಂದ ಬಂದಿವೆ. 1976ರಲ್ಲಿ ಪಕ್ಕದ ಐದು ಎಕರೆ ಖರೀದಿ. ಜೀಪಿಗೆ ಹೊಸ ಹುಡ್ಡು, ಹೊಸ ಬಣ್ಣ. ಗಾಜಿನ ಸಾಲು ಎಲ್ಲೂ ಇಲ್ಲ. ಅಭಾವ ಎಂಬ ಉತ್ತರ 1971ರ ಮಳೆಗಾಲಕ್ಕೆ ಸರಿಹೋಗುತ್ತದೆ. ಉಳಿದ ಏಳು ವರ್ಷಕ್ಕೆ ಹೋಗುವುದಿಲ್ಲ. ಬ್ಯಾಕ್ಸ್‌ಟರರಿಗೆ ತಮ್ಮ ಗಾಜು ಎಂಥದ್ದೆಂದು ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಗೊತ್ತಿತ್ತು, ಬರೆದಿಟ್ಟಿದ್ದರು. ಆ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟದ್ದು ನನ್ನ ತಪ್ಪು.

ಎರಡು ವರ್ಷ ನಾನು ಈ ಸಾಲನ್ನು ದೊಡ್ಡಪ್ಪನಿಗೆ ತೋರಿಸಲಿಲ್ಲ. ತಮ್ಮ ಕಣ್ಣು ಹೋದದ್ದು ತಮ್ಮ ಅಪ್ಪಯ್ಯನ ಉಳಿತಾಯದಿಂದ ಎಂದು ಎಪ್ಪತ್ತು ದಾಟಿದವರಿಗೆ ಹೇಳಿ ಆಗಬೇಕಾದ್ದೇನು ಎಂದುಕೊಂಡೆ. ಸಂಶೋಧಕರಿಗೆ ಇಂಥ ಮರ್ಯಾದೆ ಇರಬಾರದು ಎನ್ನುವವರಿದ್ದಾರೆ. ಅವರ ಅಜ್ಜಂದಿರು ದಿನವಹಿ ಬರೆದಿರಲಿಕ್ಕಿಲ್ಲ.

ಭಾವನ ಕಾರಿನ ಗಾಜು ಬಿಚ್ಚುವ ದಿನ ಮಾತು ತಾನಾಗಿ ಬಂತು.

'ಎಂಥ ಗಾಜು ಮಾವ ಇದು, ಒಂದು ಜಲ್ಲಿಗೆ ಹೀಗಾಯ್ತಲ್ಲ' ಎಂದು ಭಾವ ಬೇಜಾರು ಮಾಡಿಕೊಂಡರು. 'ಸುಮ್ಮನೆ ಅಕ್ರಿಲಿಕ್ ಹಾಕಿಬಿಡೋಣ ಅಂತಿದ್ದೀನಿ. ಹಗುರ, ಒಡೆಯೋ ತಾಪತ್ರಯ ಇಲ್ಲ.'

ದೊಡ್ಡಪ್ಪ ಬಿರುಕಿನ ಉದ್ದಕ್ಕೂ ಒಳಗಿನಿಂದ ಬೆರಳು ಆಡಿಸಿದರು. 'ಇದು ಬಿರುಕು ಬಿಟ್ಟಿದೆ, ಬಿದ್ದಿಲ್ಲ. ನೋಡಿ, ಒಳಗಡೆ ಕೈಗೆ ಏನೂ ಸಿಗೋದಿಲ್ಲ. ಒಳ್ಳೆ ಗಾಜು ಇದು, ಅಳಿಯಂದಿರೇ. ಇದನ್ನ ಬೈಬೇಡಿ.'

ಅಕ್ರಿಲಿಕ್ಕಿನ ಮಾತು ಅಲ್ಲಿಗೆ ನಿಂತಿತು. ಅದು ವೈಪರಿನ ಉಜ್ಜಾಟಕ್ಕೆ ಒಂದೇ ಮಳೆಗಾಲದಲ್ಲಿ ಗೀರು ಗೀರಾಗಿ, ಎದುರಿನ ದೀಪ ಬಿದ್ದರೆ ಮಂಜಿನಂತೆ ಹೊಳೆಯುತ್ತದೆ. ದೇವರಮನೆಯಲ್ಲಿ ನಿಜವಾದ ಮಂಜೇ ಸಾಕಷ್ಟಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 100ನೆಯದು ಗಾಜಿನ ಬಗ್ಗೆಯೇ ಇದೆ. ಕಾರಿನ ಮುಂದಿನ ಗಾಜು ಪದರದ ಸುರಕ್ಷಾ ಗಾಜೇ ಆಗಿರಬೇಕು. ಐಎಸ್ 2553ರ ಎರಡನೆಯ ಭಾಗ ಅದಕ್ಕಿರುವ ಭಾರತೀಯ ಮಾನಕ. ನಿಮ್ಮ ಕಾರಿನ ಗಾಜಿನ ಕೆಳಮೂಲೆಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿರುವ ಗುರುತು ಅದೇ. ಯಾರೂ ಓದದ ಆ ಮೂಲೆ, ಬ್ಯಾಕ್ಸ್‌ಟರರ ಕೋರ್ಟು ಕೇಳಿದ್ದ ಮಾತನ್ನು ಗಾಜಿನ ಮೇಲೇ ಬರೆದಿಡುತ್ತದೆ.

ಚೌಕಟ್ಟು ಬಿಚ್ಚಿದ ಮೇಲೆ ಕಲ್ಲಿನದೊಂದೇ ತಪ್ಪಲ್ಲವೆಂದು ಗೊತ್ತಾಯಿತು. ಎಡಗಡೆಯ ಅಂಚಿನಲ್ಲಿ, ಕಂಬದ ಸ್ಕ್ರೂ ಇರುವಲ್ಲಿ, ರಬ್ಬರು ಸವೆದು ಲೋಹ ಗಾಜಿಗೆ ತಾಗಿತ್ತು. ಅಲ್ಲೊಂದು ಉಗುರಿನಷ್ಟು ಚಕ್ಕೆ ಎದ್ದಿತ್ತು. ಬಿರುಕು ಜಲ್ಲಿಯ ಚುಕ್ಕೆಯನ್ನು ಹಾದು ಅಲ್ಲಿಗೇ ಬಂದು ಸೇರಿತ್ತು. ಇಂಗ್ಲೆಂಡಿನ ಎ.ಎ. ಗ್ರಿಫಿತ್ 1921ರಲ್ಲಿ ಪ್ರಕಟಿಸಿದ ಲೇಖನವೊಂದು ಇದನ್ನೇ ಹೇಳುತ್ತದೆ. ಗಾಜು ಲೆಕ್ಕದಲ್ಲಿ ಬಹಳ ಗಟ್ಟಿ, ಅದನ್ನು ಸೋಲಿಸುವುದು ಕಣ್ಣಿಗೆ ಕಾಣದ ಸಣ್ಣ ಗಾಯಗಳು. ಎಳೆತವೆಲ್ಲ ಆ ಗಾಯದ ತುದಿಯಲ್ಲಿ ಒಟ್ಟಾಗುತ್ತದೆ. ಸೆವೆನ್ ಮಾದರಿಯ ಕಾರಿನಲ್ಲಿ ಎರಡು ಕಂಬಗಳು ಒಂದೇ ಸಮತಲದಲ್ಲಿ ಇಲ್ಲದಿದ್ದರೆ ಬೋಲ್ಟು ಬಿಗಿದಂತೆಲ್ಲ ಗಾಜು ತಿರುಚಿಕೊಳ್ಳುತ್ತದೆ. ಭಾವ ಹೊರಡುವ ಹಿಂದಿನ ದಿನ ಅದನ್ನು ಬಿಗಿದಿದ್ದರು. ಅದನ್ನು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಪೇಟೆಯ ಗಾಜಿನ ಅಂಗಡಿಯ ಯಜಮಾನರು ದೊಡ್ಡಪ್ಪನಿಗೆ ಹಳಬರು. ಕಟ್ಟಡಕ್ಕೆ ಹಾಕುವ ಪದರದ ಹಾಳೆ ಇದೆ, ಆದರೆ ಅದಕ್ಕೆ ವಾಹನದ ಗುರುತಿಲ್ಲ, ಕೊಡಲು ಮನಸ್ಸಿಲ್ಲ ಎಂದರು. ಎರಡು ದಿನ ಬಿಟ್ಟು ಫೋನ್ ಮಾಡಿದರು. ಹಳೆಯ ಬಸ್ಸೊಂದರ ಎರಡು ತುಂಡಿನ ಚಪ್ಪಟೆ ಗಾಜಿನಲ್ಲಿ ಒಂದು ತುಂಡು ಸಿಕ್ಕಿತ್ತು. ಒಂದು ಬದಿ ಮುಕ್ಕಾಗಿತ್ತು, ಉಳಿದದ್ದು ನಮಗೆ ಧಾರಾಳ. ಕೆಳಮೂಲೆಯ ಗುರುತು ಸರಿಯಾಗಿತ್ತು. ಆ ಮೂಲೆ ನಮ್ಮ ಚೌಕಟ್ಟಿನ ಮೂಲೆಗೇ ಬರುವಂತೆ ರಟ್ಟಿನ ಅಚ್ಚು ಇಟ್ಟರು.

ಪದರದ ಗಾಜು ಕೊಯ್ಯುವುದನ್ನು ನಾನು ನೋಡಿದ್ದು ಅಂದೇ ಮೊದಲು. ಒಂದು ಮುಖಕ್ಕೆ ಡೈಮಂಡಿನಿಂದ ಗೀರಿ, ಅಡಿಯಿಂದ ಮೆಲ್ಲಗೆ ತಟ್ಟಿ ಆ ಪದರವನ್ನು ಬಿಡಿಸಿದರು. ಮಗುಚಿ ಹಾಕಿ, ಕೂದಲೆಳೆಯೂ ಆಚೀಚೆಯಾಗದಂತೆ ಅದೇ ಗೆರೆಯ ಮೇಲೆ ಇನ್ನೊಂದು ಮುಖ ಗೀರಿ ಬಿಡಿಸಿದರು. ಎರಡು ಗಾಜೂ ತುಂಡಾದವು, ತುಂಡುಗಳು ಬೇರೆಯಾಗಲಿಲ್ಲ. ಪೊರೆ ಹಿಡಿದುಕೊಂಡಿತ್ತು. ಗೆರೆಯ ಉದ್ದಕ್ಕೂ ಸ್ಪಿರಿಟ್ ಹನಿಸಿ ಕಡ್ಡಿ ಗೀರಿದರು. ನೀಲಿ ಉರಿ ಓಡಿಹೋಯಿತು. ಪೊರೆ ಮೆತ್ತಗಾಗುತ್ತಿದ್ದಂತೆ ಇಬ್ಬರು ಎರಡು ಕಡೆ ಎಳೆದು ಹಿಡಿದರು, ಸಂದಿನಲ್ಲಿ ಬ್ಲೇಡು ಇಳಿಯಿತು. ಆಮೇಲೆ ನೀರು ಹಾಕಿಕೊಂಡು ಅಂಚನ್ನು ಸಾಣೆಕಲ್ಲಿಗೆ ಹಿಡಿದು ಒಂದು ಗಂಟೆ ತಿಕ್ಕಿದರು. ಗ್ರಿಫಿತ್‌ನ ಹೆಸರು ಅವರು ಕೇಳಿರಲಾರರು. ಅಂಚಿನ ಒಂದು ಮುಕ್ಕೂ ಬಿಡಬಾರದೆಂದು ಮಾತ್ರ ಅವರಿಗೆ ಗೊತ್ತಿತ್ತು.

ಆ ಒಂದು ಗಂಟೆ ದೊಡ್ಡಪ್ಪ ಮತ್ತು ನಾನು ಅಂಗಡಿಯ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಹೇಳಿಬಿಡೋಣ ಎನಿಸಿತು. ಫೋನಿನಲ್ಲಿದ್ದ ದಿನವಹಿಯ ಚಿತ್ರ ತೆರೆದು, ಅಕ್ಷರ ದೊಡ್ಡದು ಮಾಡಿ ಅವರ ಬಲಗಣ್ಣಿನ ಕಡೆಗೆ ಹಿಡಿದೆ.

ಓದಿದರು. 'ಅಪ್ಪಯ್ಯನ ಅಕ್ಷರ' ಎಂದರು. ಸ್ವಲ್ಪ ಹೊತ್ತಿನ ಮೇಲೆ, 'ನಂಗೆ ಗೊತ್ತಿತ್ತು ಮಗಾ. ಆ ಗಾಜು ಚಿಕ್ಕಮಗಳೂರಿಂದ ತಂದದ್ದು ನಾನೇ. ಇಪ್ಪತ್ತು ವರ್ಷ ನಂಗೆ. ಕಂಬಳೀಲಿ ಸುತ್ತಿ, ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ಬಂದೆ. ಅಂಗಡಿಯವನು ಹೇಳಿದ್ದ, ಇದು ಜೀಪಿಗಲ್ಲ, ಮನೆಗೆ ಅಂತ.'

'ಅಜ್ಜನಿಗೆ ಹೇಳಿದ್ರಾ ದೊಡ್ಡಪ್ಪ?'

'ಹೇಳ್ದೆ. ಈ ಮಳೆಗಾಲ ಒಂದು ಕಳೀಲಿ ಅಂದ್ರು. ಮಾರನೆ ವರ್ಷ ಮತ್ತೆ ಹೇಳ್ದೆ. ಆಮೇಲೆ ನಾನೂ ಕೇಳ್ಲಿಲ್ಲ. ಕಾಣ್ತಿತ್ತಲ್ಲ, ಚೆನ್ನಾಗೇ ಕಾಣ್ತಿತ್ತು. ಜೀಪು ಓಡಿಸ್ತಿದ್ದವನು ನಾನು. ನಾನೇ ಹೋಗಿ ಬದಲು ಮಾಡಿಸಬಹುದಿತ್ತು.'

'ಮತ್ತೆ ಕಲ್ಲು ತಗೊಂಡಿತು ಅಂತ ಯಾಕೆ ಹೇಳ್ತಿದ್ರಿ ಎಲ್ಲರೂ?'

'ಆಸ್ಪತ್ರೇಲಿ ಅಪ್ಪಯ್ಯ ಹಾಗೆ ಅಂದ್ರು. ನಾನು ಹೂಂ ಅಂದೆ. ಅವರು ಮತ್ತೆ ಜೀಪು ಹತ್ತಲಿಲ್ಲ ಗೊತ್ತಾ? ಸಾಯೋತನಕ ಬಸ್ಸು.'

ಇದು ನನಗೆ ಗೊತ್ತಿರಲಿಲ್ಲ. ಆದರೆ 1978ರ ನಂತರದ ಪುಸ್ತಕಗಳಲ್ಲಿ ಬಸ್ ಚಾರ್ಜಿನ ಸಾಲುಗಳು ಏಕಾಏಕಿ ಹೆಚ್ಚಿರುವುದನ್ನು ಗಮನಿಸಿದ್ದೆ. ಪೆಟ್ರೋಲ್ ಬೆಲೆ ಏರಿದ್ದಕ್ಕೆ ಎಂದು ಅಡಿಟಿಪ್ಪಣಿ ಬರೆದಿದ್ದೆ.

ಗಾಜು ಬುಧವಾರ ಕೂತಿತು. ಈ ಸಲ ಕಂಬಗಳ ಕೆಳಗೆ ತೆಳುವಾದ ರಬ್ಬರಿನ ವಾಷರ್ ಕೊಟ್ಟು, ಒಂದು ದಾರ ಕಟ್ಟಿ ಎರಡೂ ನೇರವಿದೆಯೇ ನೋಡಿ, ಬೋಲ್ಟುಗಳನ್ನು ಒಂದೊಂದು ಸುತ್ತಿನಂತೆ ಸರದಿಯಲ್ಲಿ ಬಿಗಿದೆವು. ಭಾವ ಇನ್ನೊಂದು ಸುತ್ತು ಹಾಕಹೋದಾಗ ದೊಡ್ಡಪ್ಪ ಸ್ಪ್ಯಾನರ್ ಕೈಯಿಂದ ತಗೊಂಡರು. ಆಮೇಲೆ ಬೆರಳ ಗೆಣ್ಣಿನಿಂದ ಗಾಜಿನ ನಡುವೆ ಎರಡು ಸಲ ತಟ್ಟಿ ಕಿವಿ ಕೊಟ್ಟರು. ಬರಿಯ ಗಾಜು ಟಣ್ ಎನ್ನುತ್ತದೆ. ಇದು ಒಣಗಿದ ಹಲಗೆಯಂತೆ ಮಂದವಾಗಿ ಶಬ್ದ ಮಾಡಿತು. ಬಗ್ಗಿ ಕೆಳಮೂಲೆಯ ಗುರುತನ್ನೂ ಬಲಗಣ್ಣಿಗೆ ಹತ್ತಿರ ತಂದುಕೊಂಡು ಓದಿದರು.

ಸಂಜೆ ಭಾವ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಗುತ್ತಿವರೆಗೆ ಹೋಗಿ ಬಂದರು. ಟೊಪ್ಪಿ ಹಾರಿಹೋಯಿತೆಂದು ದೊಡ್ಡಪ್ಪ ಬೈದುಕೊಂಡು ಇಳಿದರು. ರಾತ್ರಿ ಊಟವಾದ ಮೇಲೆ ಈ ವರ್ಷದ ಲೆಕ್ಕದ ಪುಸ್ತಕ ತಂದು ನನ್ನ ಮುಂದಿಟ್ಟರು. ಕಾರು ಭಾವನದು, ದುಡ್ಡು ಭಾವನದು, ನಮ್ಮ ಪುಸ್ತಕದಲ್ಲಿ ಯಾಕೆ ಎಂದೆ. ಬರಿ ಎಂದರು. ಮುಂದಿನ ಗಾಜು, ಮೂಡಿಗೆರೆ ಪೇಟೆ ಎಂದು ಬರೆದು ನಿಲ್ಲಿಸಿದೆ.

'ಎರಡು ಪದರದ್ದು ಅಂತ ಹಾಕು' ಎಂದರು. 'ರಬ್ಬರ್ ಬೀಡಿಂಗು ಬೇರೆ ಸಾಲು.'